ಕರೆಂಟ್ ಬಿಲ್ಲಿನ ಉಳಿತಾಯದಿಂದಲೇ ಕಂತು ಕಟ್ಟುವ ಬಗೆ: ಫ್ಯಾನ್‌ನಿಂದ ತಾರಸಿ ಸೋಲಾರ್‌ವರೆಗೆ ಸಮಗ್ರ ಮಾರ್ಗದರ್ಶಿ

ಮನೆಗೆ ಸೋಲಾರ್ ಹಾಕಿಸಿ, ಹಳೆಯ ಫ್ಯಾನ್ ಬದಲಿಸಿ, ಬಿಸಿನೀರಿಗೆ ಬೇರೆ ವ್ಯವಸ್ಥೆ ಮಾಡಿ, ಅದರಿಂದ ಬಿಲ್ಲಿನಲ್ಲಿ ಉಳಿಯುವ ಹಣವನ್ನೇ ಸಾಲದ ಕಂತಿಗೆ ಕಟ್ಟಿ ಎಂಬ ಮಾತನ್ನು ಈಗ ಬ್ಯಾಂಕಿನವರೂ ಹೇಳುತ್ತಾರೆ, ಸೋಲಾರ್ ಮಾರುವವರೂ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಕರ್ನಾಟಕದಲ್ಲಿ ಒಂದು ಮನೆಗೆ ಕೂಡಿಬರುವ ಈ ಲೆಕ್ಕ ಪಕ್ಕದ ಮನೆಗೆ ಕೂಡಿಬರದೆ ಇರಬಹುದು. ತಿಂಗಳಿಗೆ 150 ಯೂನಿಟ್ ಸುಡುವ ಮನೆ, 220 ಸುಡುವ ಮನೆ, 320 ಸುಡುವ ಮನೆ, ಈ ಮೂರಕ್ಕೂ ಉತ್ತರ ಬೇರೆ ಬೇರೆ. ಹಾಗಾಗಿ ಇಲ್ಲಿ ಸಾಲದ ಅರ್ಜಿಗಿಂತ ಮೊದಲು ಬಿಲ್ಲಿನ ಓದು ಬರುತ್ತದೆ.

ಬಿಲ್ಲಿನ ಮೂಲಕವೇ ಕಂತು ಕಟ್ಟುವ ಪದ್ಧತಿ ನಮಗೆ ಹೊಸದಲ್ಲ. ಬೆಸ್ಕಾಂ 2004ರ ಕೊನೆಯಲ್ಲಿ ಶುರುಮಾಡಿದ ಬೆಳಕಿನ ಮಿತವ್ಯಯ ಯೋಜನೆಯಲ್ಲಿ ಸಿಎಫ್‌ಎಲ್ ಬಲ್ಬ್ ಕೊಂಡವರು 9 ತಿಂಗಳ ಕಂತಿನಲ್ಲಿ ಕರೆಂಟ್ ಬಿಲ್ಲಿನೊಂದಿಗೇ ಹಣ ತೀರಿಸಬಹುದಿತ್ತು. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ಕೆಲವು ರಾಜ್ಯಗಳ ಗ್ರಾಹಕರು 10 ರೂಪಾಯಿ ಕೊಟ್ಟು ಎಲ್‌ಇಡಿ ಬಲ್ಬ್ ಪಡೆದು, ಉಳಿದದ್ದನ್ನು ತಿಂಗಳಿಗೆ 10 ರೂಪಾಯಿಯಂತೆ ಬಿಲ್ಲಿನಲ್ಲಿ ತೀರಿಸಿದರು. ಅಮೆರಿಕದಲ್ಲಿ ಅರ್ಕಾನ್ಸಾಸ್‌ನ ವಾಷಿಟಾ, ನಾರ್ತ್ ಕೆರೊಲಿನಾದ ರೋನೋಕ್‌ನಂಥ ಗ್ರಾಹಕರದ್ದೇ ಸಹಕಾರಿ ವಿದ್ಯುತ್ ಸಂಘಗಳು ಇದನ್ನು ಇನ್ನೂ ಮುಂದಕ್ಕೆ ಒಯ್ದವು. ಅಲ್ಲಿ ಕಂತು ವ್ಯಕ್ತಿಯ ಹೆಸರಿಗಲ್ಲ, ಮೀಟರಿಗೆ ಅಂಟಿಕೊಂಡಿರುತ್ತದೆ. ಮನೆ ಬಿಟ್ಟು ಹೋದರೆ ಮುಂದೆ ಬಂದವರು ಕಟ್ಟುತ್ತಾರೆ, ಉಳಿತಾಯವನ್ನು ಅನುಭವಿಸುವವರೂ ಅವರೇ.

ಆ ಪದ್ಧತಿಯಲ್ಲಿ ಎರಡು ಕಟ್ಟುನಿಟ್ಟಿನ ನಿಯಮಗಳಿವೆ. ಕಂತು ಅಂದಾಜು ಉಳಿತಾಯದ 80%ಅನ್ನು ಮೀರಬಾರದು. ಸಾಲದ ಅವಧಿ ವಸ್ತುವಿನ ಬಾಳಿಕೆಯ 80%ಅನ್ನು ಮೀರಬಾರದು. ನಮ್ಮಲ್ಲಿ ದೊಡ್ಡ ಕೆಲಸಗಳಿಗೆ ಸದ್ಯಕ್ಕೆ ಬ್ಯಾಂಕಿನ ಸಾಲವೇ ಮುಖ್ಯ ದಾರಿ, ಬಿಲ್ಲಿನಲ್ಲಿ ಕಂತು ಬರುವುದಿಲ್ಲ. ಆದರೂ ಈ ಎರಡು ನಿಯಮಗಳನ್ನು ನಿಮ್ಮ ಮನೆಯ ಮಟ್ಟಿಗೆ ನೀವೇ ಹಾಕಿಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಹಂತ 1: 12 ತಿಂಗಳ ಬಿಲ್ ಮುಂದಿಟ್ಟುಕೊಳ್ಳಿ

ಒಂದು ತಿಂಗಳ ಬಿಲ್ ನೋಡಿ ಸಾಲ ಮಾಡಬೇಡಿ. ಏಪ್ರಿಲ್‌ನಲ್ಲಿ ಫ್ಯಾನ್ ಇಡೀ ದಿನ ತಿರುಗುತ್ತದೆ, ಡಿಸೆಂಬರ್‌ನಲ್ಲಿ ಗೀಸರ್ ಹೆಚ್ಚು ಹೊತ್ತು ಉರಿಯುತ್ತದೆ. ನಿಮ್ಮ ಎಸ್ಕಾಂನ (ಬೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿ) ಜಾಲತಾಣದಲ್ಲೋ ಆ್ಯಪ್‌ನಲ್ಲೋ ಹಳೆಯ ಬಿಲ್ಲುಗಳು ಸಿಗುತ್ತವೆ. ಒಂದು ಹಾಳೆಯಲ್ಲಿ ತಿಂಗಳು, ಯೂನಿಟ್, ನಿಗದಿತ ಶುಲ್ಕ, ಒಟ್ಟು ಮೊತ್ತ ಎಂದು ನಾಲ್ಕು ಕಲಂ ಹಾಕಿ ತುಂಬಿ.

ಈಗ ಒಂದು ಯೂನಿಟ್ ಉಳಿಸಿದರೆ ಕೈಯಲ್ಲಿ ನಿಜಕ್ಕೂ ಉಳಿಯುವುದೆಷ್ಟು ಎಂದು ಕಂಡುಕೊಳ್ಳಿ. 2025–26ರ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ದರಪಟ್ಟಿಯಲ್ಲಿ ಗೃಹಬಳಕೆಗೆ ಯೂನಿಟ್ಟಿಗೆ 5.80 ರೂ. ಅದರ ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್ 36 ಪೈಸೆ, 9% ತೆರಿಗೆ. ಒಟ್ಟು ಸುಮಾರು 6.70 ರೂ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯದಿರುವುದು ಲೇಸು. ದರ ಪರಿಷ್ಕರಣೆಯಾದಾಗ ನಿಮ್ಮ ಬಿಲ್ಲಿನ ಅಂಕಿಯನ್ನೇ ಹಾಕಿಕೊಳ್ಳಿ.

ನಿಗದಿತ ಶುಲ್ಕ ಬೇರೆಯೇ ಬಾಬ್ತು. ಅದೇ ದರಪಟ್ಟಿಯಲ್ಲಿ ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂ. 3 ಕಿಲೋವ್ಯಾಟ್ ಲೋಡ್ ಇದ್ದರೆ 435 ರೂ. ತಾರಸಿಯ ತುಂಬ ಸೋಲಾರ್ ಹಾಕಿದರೂ ಇದು ಒಂದು ರೂಪಾಯಿ ಇಳಿಯುವುದಿಲ್ಲ. ಮಾರಾಟಗಾರರ ಕೊಟೇಶನ್‌ಗಳಲ್ಲಿ ಕಾಣುವ ಮೊದಲ ತಪ್ಪು ಇದೇ: ಒಟ್ಟು ಬಿಲ್ಲನ್ನು ಯೂನಿಟ್ಟಿನಿಂದ ಭಾಗಿಸಿ ‘ಯೂನಿಟ್ಟಿಗೆ 8 ರೂಪಾಯಿ ಉಳಿತಾಯ’ ಎಂದು ಬರೆದಿರುತ್ತಾರೆ. ಆ ಸಾಲಿನ ಮೇಲೆ ಗೆರೆ ಎಳೆದು ನಿಮ್ಮ ಲೆಕ್ಕ ಬರೆಯಿರಿ.

ಹಂತ 2: ಗೃಹಜ್ಯೋತಿ ನಿಮ್ಮನ್ನು ಎಲ್ಲಿ ನಿಲ್ಲಿಸಿದೆ ನೋಡಿ

2023ರ ಜುಲೈ ಬಳಕೆಯಿಂದ ಜಾರಿಯಾದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. 2022–23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ 10%, ಇಷ್ಟು ನಿಮ್ಮ ಅರ್ಹ ಯೂನಿಟ್. ತೀರಾ ಕಡಿಮೆ ಬಳಸುವವರಿಗೆ 2024ರಲ್ಲಿ 10%ಗೆ ಬದಲು 10 ಯೂನಿಟ್ ಸೇರಿಸಿದರು. ಅರ್ಹ ಮಿತಿಯೊಳಗೆ ಇದ್ದರೆ ಬಿಲ್ ಸೊನ್ನೆ. ಅದನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿದ ತಿಂಗಳು ಪೂರ್ತಿ ಬಿಲ್. ನಿಮ್ಮ ಬಿಲ್ಲಿನಲ್ಲಿ ಅರ್ಹ ಯೂನಿಟ್ ಎಷ್ಟೆಂದು ಇದೆಯೇ ಹುಡುಕಿ. ಇಲ್ಲದಿದ್ದರೆ ನೀವು ಯೋಜನೆಯ ಹೊರಗಿದ್ದೀರಿ.

150 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವ ಮನೆ ಸಾಲ ಮಾಡಿ ಸೋಲಾರ್ ಹಾಕಿಸಿದರೆ ಬಿಲ್ಲಿನಲ್ಲಿ ಉಳಿಯುವುದು ಸೊನ್ನೆ, ಕಂತು ಮಾತ್ರ ಪೂರ್ತಿ ಜೇಬಿನಿಂದ. ಇಂಥವರು ಈಗ ಸಾಲ ಮಾಡುವ ಅಗತ್ಯವೇ ಇಲ್ಲ. ‘ಮುಂದೆ ಯೋಜನೆ ನಿಂತರೆ’ ಎಂದು ಹೆದರಿಸಿ ಮಾರುವವರಿದ್ದಾರೆ. ನಿಂತ ದಿನ ಅರ್ಜಿ ಹಾಕಿದರೂ ತಡವಾಗುವುದಿಲ್ಲ, ಕೇಂದ್ರದ ಸಹಾಯಧನ ಆಗಲೂ ಇದೆಯೇ ಎಂಬುದೊಂದನ್ನು ಗಮನಿಸಬೇಕು. ಆ ಸಹಾಯಧನ ಕೊಡುವ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯ ಅವಧಿ 2026–27ರ ಆರ್ಥಿಕ ವರ್ಷದವರೆಗೆ.

200ರ ಗೆರೆಯ ಮೇಲೆ ಓಲಾಡುವ ಮನೆಯ ಲೆಕ್ಕ ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ತಪ್ಪುವುದೂ ಇಲ್ಲಿಯೇ. ಅರ್ಹತೆ 200 ಇದ್ದು, 3 ಕಿಲೋವ್ಯಾಟ್ ಲೋಡ್‌ನ ಮನೆ 220 ಯೂನಿಟ್ ಬಳಸಿತು ಎನ್ನಿ. 220 ಯೂನಿಟ್ಟಿಗೆ 6.70ರಂತೆ 1,474 ರೂ, ನಿಗದಿತ ಶುಲ್ಕ 435 ರೂ, ಒಟ್ಟು 1,909 ರೂ. ಅದೇ ಮನೆ 190ಕ್ಕೆ ಇಳಿದರೆ ಬಿಲ್ ಸೊನ್ನೆ. 30 ಯೂನಿಟ್ ಇಳಿಸಿದ್ದಕ್ಕೆ ತಿಂಗಳಿಗೆ 1,900 ರೂ! ಇವರಿಗೆ ಬೇಕಾದದ್ದು ಸೋಲಾರ್ ಅಲ್ಲ, ಎರಡು ಒಳ್ಳೆಯ ಫ್ಯಾನ್. ಅರ್ಹತೆ 200ಕ್ಕಿಂತ ಕಡಿಮೆ ಇದ್ದರೂ 200ರ ಒಳಗೆ ಬಂದರೆ ಲಾಭ ದೊಡ್ಡದೇ. 170 ಅರ್ಹತೆಯ ಮನೆ 190 ಬಳಸಿದರೆ 20 ಯೂನಿಟ್ಟಿನ ಹಣ ಮಾತ್ರ ಕಟ್ಟಬೇಕು.

ಹಂತ 3: ಸಾಲಕ್ಕೆ ಮೊದಲು ಸೋರಿಕೆ ನಿಲ್ಲಿಸಿ

ಇದರಲ್ಲಿ ಹೆಚ್ಚಿನದಕ್ಕೆ ಬ್ಯಾಂಕ್ ಬೇಡ. ಮೂರು ನಾಲ್ಕು ತಿಂಗಳ ಬಿಡಿಹಣ ಸಾಕು.

*ಫ್ಯಾನ್.* ಹಳೆಯ ಸೀಲಿಂಗ್ ಫ್ಯಾನ್ ಪೂರ್ಣ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ. ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 28ರಿಂದ 32. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನ್‌ನಿಂದ ತಿಂಗಳಿಗೆ 16 ಯೂನಿಟ್ ಉಳಿತಾಯ. ಬೆಲೆ ಸುಮಾರು 3,000 ರೂ ಹಿಡಿದರೂ, ಪೂರ್ತಿ ಬಿಲ್ ಕಟ್ಟುವ ಮನೆಯಲ್ಲಿ ತಿಂಗಳಿಗೆ 107 ರೂಪಾಯಿಯಂತೆ 28 ತಿಂಗಳಲ್ಲಿ ಹಣ ವಾಪಸ್. ಮೇಲೆ ಹೇಳಿದ 220 ಯೂನಿಟ್ಟಿನ ಮನೆಯಲ್ಲಿ ಎರಡು ಫ್ಯಾನ್‌ನ 6,000 ರೂ ನಾಲ್ಕೇ ತಿಂಗಳಲ್ಲಿ ಬರುತ್ತದೆ. ದಿನಕ್ಕೆ ಒಂದೆರಡು ಗಂಟೆ ತಿರುಗುವ ಅತಿಥಿ ಕೋಣೆಯ ಫ್ಯಾನ್ ಬದಲಿಸಬೇಡಿ. ಹಾಲ್ ಮತ್ತು ಮಲಗುವ ಕೋಣೆ ಸಾಕು.

ಅಳವಡಿಸುವಾಗ ಆಗುವ ಎಡವಟ್ಟು ಹಳೆಯ ರೆಗ್ಯುಲೇಟರ್. ಬಿಎಲ್‌ಡಿಸಿ ಫ್ಯಾನ್‌ಗೆ ತನ್ನದೇ ಸರ್ಕಿಟ್ ಇರುತ್ತದೆ, ವೇಗವನ್ನು ರಿಮೋಟ್ ನೋಡಿಕೊಳ್ಳುತ್ತದೆ. ರೆಗ್ಯುಲೇಟರ್ ಮೂಲಕ ಲೈನ್ ಕೊಟ್ಟರೆ ಗುಂಯ್‌ಗುಟ್ಟುತ್ತದೆ, ನಿಂತು ನಿಂತು ತಿರುಗುತ್ತದೆ, ಕೊನೆಗೆ ಬೋರ್ಡ್ ಸುಡುತ್ತದೆ. ಎಲೆಕ್ಟ್ರಿಷಿಯನ್‌ಗೆ ಹೇಳಿ ರೆಗ್ಯುಲೇಟರ್ ತೆಗೆಸಿ ನೇರ ಸ್ವಿಚ್‌ಗೆ ಜೋಡಿಸಿ.

*ಬಿಸಿನೀರು.* ನಾಲ್ವರ ಮನೆಯಲ್ಲಿ ಸ್ನಾನಕ್ಕೆ ದಿನಕ್ಕೆ 100 ಲೀಟರ್, 24 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸಬೇಕು ಎಂದರೆ ಸುಮಾರು 2.1 ಯೂನಿಟ್, ತಿಂಗಳಿಗೆ 63. ಗೀಸರ್ ಯಾವ ಕಂಪನಿಯದಾದರೂ ಈ ಲೆಕ್ಕ ಬದಲಾಗದು, ನೀರಿಗೆ ಬೇಕಾದ ಶಾಖ ಅಷ್ಟೇ. ಸೋಲಾರ್ ವಾಟರ್ ಹೀಟರ್ ಇದರ ಬಹುಪಾಲನ್ನು ಇಳಿಸುತ್ತದೆ. ಬೋರ್‌ವೆಲ್‌ನ ಗಡಸು ನೀರಾದರೆ ಗಾಜಿನ ಕೊಳವೆಯ ಮಾದರಿ ಒಳ್ಳೆಯದು. ಚಪ್ಪಟೆ ಫಲಕದ ಒಳಗಿನ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿ ಕೆಲವೇ ವರ್ಷದಲ್ಲಿ ನೀರು ಹರಿಯುವುದು ಕುಂಠಿತವಾಗುತ್ತದೆ. ಪಂಪ್ ಇಲ್ಲದ ಸಾಮಾನ್ಯ ಮಾದರಿಗೆ ತಣ್ಣೀರಿನ ಓವರ್‌ಹೆಡ್ ಟ್ಯಾಂಕ್‌ನ ತಳ ಹೀಟರ್‌ನ ಟ್ಯಾಂಕ್‌ಗಿಂತ ಮೇಲಿರಬೇಕು. ಟ್ಯಾಂಕ್ ತಾರಸಿಯ ನೆಲದ ಮೇಲೇ ಕುಳಿತಿದ್ದರೆ ಮೊದಲು ಸ್ಟ್ಯಾಂಡ್ ಕಟ್ಟಿಸುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿ. ಇದು ಕೊಟೇಶನ್‌ನಲ್ಲಿ ಇರುವುದಿಲ್ಲ. ಬಿಸಿನೀರಿನ ಪೈಪಿಗೆ ಶಾಖನಿರೋಧಕ ಹೊದಿಕೆ ಹಾಕಿಸದಿದ್ದರೆ ಬೆಳಗಿನ ಮೊದಲ ಬಕೆಟ್ ತಣ್ಣಗೇ ಬರುತ್ತದೆ, ಮನೆಯವರು ಮತ್ತೆ ಗೀಸರ್ ಹಾಕುತ್ತಾರೆ, ಉಳಿತಾಯ ಅಲ್ಲಿಗೆ ಮುಗಿಯಿತು.

ಸೋಲಾರ್ ವಾಟರ್ ಹೀಟರ್ ಇರುವ ಮನೆಗೆ ದರಪಟ್ಟಿಯಲ್ಲಿ ಬಹುಕಾಲದಿಂದ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಗರಿಷ್ಠ 50 ರೂಪಾಯಿಯ ರಿಯಾಯಿತಿ ಇದೆ. ತಾನಾಗಿ ಬರುವುದಿಲ್ಲ. ಖರೀದಿ ರಸೀದಿಯೊಂದಿಗೆ ಉಪವಿಭಾಗ ಕಚೇರಿಗೆ ಅರ್ಜಿ ಕೊಡಬೇಕು.

*ಫ್ರಿಜ್ ಮತ್ತು ದೀಪ.* ಫ್ರಿಜ್‌ನ ಬಿಇಇ ಸ್ಟಾರ್ ಲೇಬಲ್ ಮೇಲೆ ವಾರ್ಷಿಕ ಯೂನಿಟ್ ಇರುತ್ತದೆ, 12ರಿಂದ ಭಾಗಿಸಿ. ನಕ್ಷತ್ರ ಎಣಿಸುವುದಕ್ಕಿಂತ ಇದು ಖಚಿತ. ಲೇಬಲ್ ಯಾವ ವರ್ಷದ್ದೆಂದೂ ನೋಡಿ, ಹಳೆಯ ಐದು ನಕ್ಷತ್ರ ಇಂದಿನ ಐದಲ್ಲ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ 50 ವ್ಯಾಟ್ ಮೀರಿ ಎಳೆಯುತ್ತದೆ, 20 ವ್ಯಾಟ್‌ನ ಎಲ್‌ಇಡಿ ಬ್ಯಾಟನ್ ಅದೇ ಬೆಳಕು ಕೊಡುತ್ತದೆ.

ಅಂಗಡಿಯ ‘ನೋ ಕಾಸ್ಟ್ ಇಎಂಐ’ಯಲ್ಲಿ ಫ್ರಿಜ್ ಕೊಳ್ಳುವುದಾದರೆ ಎರಡು ಕೇಳಿ. ಪೂರ್ತಿ ಹಣ ಒಮ್ಮೆಗೇ ಕೊಟ್ಟರೆ ಬೆಲೆ ಎಷ್ಟು? ಪ್ರೊಸೆಸಿಂಗ್ ಶುಲ್ಕ ಎಷ್ಟು? ಅಲ್ಲಿ ಬಡ್ಡಿ ಇಲ್ಲವೆಂದಲ್ಲ, ಅದನ್ನು ರಿಯಾಯಿತಿಯಾಗಿ ಕಳೆದು ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ಕಾರ್ಡ್ ಬಿಲ್ಲಿನಲ್ಲಿ ಬರುತ್ತದೆ.

ಹಂತ 4: ತಾರಸಿ ಸೋಲಾರ್‌ನ ಗಾತ್ರ ಮತ್ತು ಕಂತು

ತಿಂಗಳು ತಿಂಗಳೂ 200 ದಾಟಿ ಪೂರ್ತಿ ಬಿಲ್ ಕಟ್ಟುವ ಮನೆಗೆ ಇದು. ಕರ್ನಾಟಕದಲ್ಲಿ 1 ಕಿಲೋವ್ಯಾಟ್ ಘಟಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ತಿಂಗಳಿಗೆ 110ರಿಂದ 120 ಕೊಡುತ್ತದೆ. ನೆರಳಿಲ್ಲದ ಸುಮಾರು 100 ಚದರ ಅಡಿ ಬೇಕು. ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಇದು ಬಹಳ ಇಳಿಯುತ್ತದೆ. ಉಡುಪಿಯ ಮನೆಗೆ ಕಲಬುರಗಿಯ ಅಂಕಿ ಹಾಕಿದ ಕೊಟೇಶನ್ ಒಪ್ಪಬೇಡಿ.

2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ 1 ಕಿಲೋವ್ಯಾಟ್‌ಗೆ 30,000 ರೂ, 2ಕ್ಕೆ 60,000 ರೂ, 3 ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂ. ಮೂರರ ಮೇಲೆ ಎಷ್ಟು ಹಾಕಿಸಿದರೂ ಸಹಾಯಧನ ಅಷ್ಟೇ. ದೇಶದಲ್ಲೇ ತಯಾರಾದ ಕೋಶ ಮತ್ತು ಫಲಕ, ಅಂದರೆ ಡಿಸಿಆರ್ ಫಲಕ ಇದ್ದರೆ ಮಾತ್ರ ಇದು ಸಿಗುತ್ತದೆ.

ಲೆಕ್ಕಕ್ಕೆ 320 ಯೂನಿಟ್ ಬಳಸುವ ಮನೆ, 3 ಕಿಲೋವ್ಯಾಟ್ ಘಟಕ, ಬೆಲೆ 1,90,000 ರೂ ಎಂದಿಟ್ಟುಕೊಳ್ಳಿ. ಕೈಯಿಂದ 10%, ಅಂದರೆ 19,000 ರೂ. ಸಾಲ 1,71,000 ರೂ. ಸಹಾಯಧನದ 78,000 ರೂ ಸಾಲದ ಖಾತೆಗೇ ಜಮೆಯಾದರೆ ಉಳಿಯುವುದು 93,000 ರೂ. ಬಡ್ಡಿ 6% ಹಿಡಿದರೆ ಕಂತು 5 ವರ್ಷಕ್ಕೆ 1,798 ರೂ, 7 ವರ್ಷಕ್ಕೆ 1,359 ರೂ, 10 ವರ್ಷಕ್ಕೆ 1,032 ರೂ.

ಉಳಿತಾಯ 320 ಯೂನಿಟ್ಟಿಗೆ 6.70ರಂತೆ 2,144 ರೂ. ಅದರ 80% ಎಂದರೆ 1,715 ರೂ. 5 ವರ್ಷದ ಕಂತು ಗೆರೆ ದಾಟಿತು, 7 ವರ್ಷದ್ದು ಒಳಗಿದೆ. 10 ವರ್ಷದ್ದು ಇನ್ನೂ ಹಗುರವಾಗಿ ಕಂಡರೂ ಬಡ್ಡಿ ಹೆಚ್ಚು, ಫಲಕದ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವ ಇನ್ವರ್ಟರ್‌ನ ಬಾಳಿಕೆಗೂ ಅದು ಹತ್ತಿರ ಬರುತ್ತದೆ. ಫಲಕಗಳಿಗೆ 25 ವರ್ಷದ ಉತ್ಪಾದನಾ ವಾರಂಟಿ ಇರುತ್ತದೆ, ಇನ್ವರ್ಟರ್‌ಗೆ ಸಾಮಾನ್ಯವಾಗಿ 5ರಿಂದ 10 ವರ್ಷ. ಆದ್ದರಿಂದ 7 ವರ್ಷವೇ ನಮ್ಮ ಸಲಹೆ. ಕಂತು ಕಳೆದು ಉಳಿದದ್ದರಲ್ಲಿ ತಿಂಗಳಿಗೆ 300 ರೂ ಆರ್‌ಡಿ ಕಟ್ಟಿಡಿ, ಇನ್ವರ್ಟರ್ ಕೆಟ್ಟ ದಿನ ಬೇಕಾಗುತ್ತದೆ.

ಅದೇ ಮನೆ ಮೂರನೆಯ ಹಂತವನ್ನು ಮೊದಲು ಮಾಡಿದ್ದರೆ? ಎರಡು ಫ್ಯಾನ್‌ನಿಂದ 32, ಬಿಸಿನೀರಿನಿಂದ 60, ಬಳಕೆ 228ಕ್ಕೆ ಇಳಿಯಿತು. ಈಗ 2 ಕಿಲೋವ್ಯಾಟ್ ಸಾಕು. ಬೆಲೆ 1,30,000 ರೂ ಎಂದರೆ ಕೈಯಿಂದ 13,000, ಸಹಾಯಧನ 60,000, ಉಳಿದ ಸಾಲ 57,000 ರೂ, 7 ವರ್ಷದ ಕಂತು 833 ರೂ. ತಾರಸಿಯಲ್ಲೂ ಬಟ್ಟೆ ಒಣಹಾಕಲು, ಹಪ್ಪಳ ಸಂಡಿಗೆ ಇಡಲು ಜಾಗ ಉಳಿಯಿತು.

ಬಳಕೆಗಿಂತ ದೊಡ್ಡ ಘಟಕ ಹಾಕಿಸಿ ಕರೆಂಟ್ ಮಾರಿ ಹಣ ಮಾಡಬಹುದೆಂಬ ಆಸೆ ಬೇಡ. ಗ್ರಿಡ್‌ನಿಂದ ಬಂದದ್ದರಲ್ಲಿ ಗ್ರಿಡ್‌ಗೆ ಹೋದದ್ದನ್ನು ಕಳೆದು ಬಿಲ್ ಮಾಡುವ ನೆಟ್ ಮೀಟರಿಂಗ್‌ನಲ್ಲಿ ನೀವು ಬಳಸಿದ್ದಕ್ಕೆ ಸರಿಹೊಂದುವ ಯೂನಿಟ್ಟಿಗೆ ಮಾತ್ರ ಪೂರ್ಣ ಬೆಲೆ ಸಿಕ್ಕಂತೆ. ಮಿಕ್ಕಿದ್ದಕ್ಕೆ ಕೆಇಆರ್‌ಸಿ ನಿಗದಿ ಮಾಡಿದ ದರ ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ.

ಇನ್ನೊಂದು ಮರೆವಿನ ಬಾಬ್ತು ಮಂಜೂರಾದ ಲೋಡ್. 10 ಕಿಲೋವ್ಯಾಟ್‌ವರೆಗಿನ ಘಟಕಕ್ಕೆ ಈಗ ಪ್ರತ್ಯೇಕ ತಾಂತ್ರಿಕ ಪರಿಶೀಲನೆ ಬೇಡ, ಅಗತ್ಯವಿದ್ದರೆ ಎಸ್ಕಾಂ ಲೋಡ್ ಏರಿಸುತ್ತದೆ. ನಿಮ್ಮದು 2 ಇದ್ದು ಘಟಕ 3 ಆದರೆ ನಿಗದಿತ ಶುಲ್ಕ ತಿಂಗಳಿಗೆ 145 ರೂ ಏರುತ್ತದೆ. ಅದನ್ನು ಉಳಿತಾಯದಿಂದ ಕಳೆಯಿರಿ.

ಹಂತ 5: ಕಾಗದಪತ್ರ, ಸಾಲ, ಅಳವಡಿಕೆ

ಮೊದಲು ಹೆಸರು ಸರಿಪಡಿಸಿಕೊಳ್ಳಿ. ಎಷ್ಟೋ ಮನೆಗಳ ಆರ್‌ಆರ್ ನಂಬರ್ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲೋ, ಮನೆ ಮಾರಿದವರ ಹೆಸರಿನಲ್ಲೋ ಇರುತ್ತದೆ. ಬಿಲ್ಲಿನ ಹೆಸರು, ಆಧಾರ್, ಬ್ಯಾಂಕ್ ಖಾತೆ ಒಂದೇ ಆಗಿರದಿದ್ದರೆ ಸಹಾಯಧನ ಕೊನೆಯ ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅಷ್ಟರಲ್ಲಿ ಫಲಕ ತಾರಸಿಯ ಮೇಲಿರುತ್ತದೆ, ಕಂತು ಪೂರ್ತಿ 1,71,000ಕ್ಕೆ ಓಡುತ್ತಿರುತ್ತದೆ. ಹೆಸರು ಬದಲಾವಣೆಗೆ ಉಪವಿಭಾಗದಲ್ಲಿ ಅರ್ಜಿ ಕೊಟ್ಟು, ಹೊಸ ಹೆಸರಿನ ಒಂದು ಬಿಲ್ ಕೈಗೆ ಬಂದ ಮೇಲೆಯೇ ಮುಂದಿನ ಹೆಜ್ಜೆ.

ಆಮೇಲೆ ಪಿಎಂ ಸೂರ್ಯ ಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಣಿ. ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಕೊನೆಗೊಳ್ಳಬೇಕು, ನಕಲಿ ತಾಣಗಳಿವೆ. ರಾಜ್ಯ, ನಿಮ್ಮ ಎಸ್ಕಾಂ, ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆ, ಮೊಬೈಲ್ ಒಟಿಪಿ ಕೊಟ್ಟು ಅರ್ಜಿ ತುಂಬಿ. ಒಟಿಪಿಯನ್ನು ಮಾರಾಟಗಾರರ ಕೈಗೆ ಕೊಡದೆ ನೀವೇ ಕೂತು ತುಂಬಿ. ಮೊಬೈಲ್ ಮತ್ತು ಬ್ಯಾಂಕ್ ವಿವರ ನಿಮ್ಮದೇ ಇರಲಿ.

ಪೋರ್ಟಲ್‌ನಲ್ಲಿ ನೋಂದಾಯಿತರಾದ ಮಾರಾಟಗಾರರಿಂದ ಕನಿಷ್ಠ ಮೂರು ಕೊಟೇಶನ್ ತರಿಸಿ. ಪ್ರತಿಯೊಂದರಲ್ಲೂ ಫಲಕದ ಕಂಪನಿ, ಮಾದರಿ, ವ್ಯಾಟ್, ಸಂಖ್ಯೆ, ಇನ್ವರ್ಟರ್ ಮಾದರಿ, ಕಬ್ಬಿಣದ ಚೌಕಟ್ಟಿನ ಎತ್ತರ ಮತ್ತು ಗ್ಯಾಲ್ವನೈಸಿಂಗ್ (ಸತುವಿನ ಲೇಪನ) ದಪ್ಪ ಬಿಡಿಬಿಡಿಯಾಗಿ ಇರಬೇಕು. 540 ವ್ಯಾಟ್‌ನ 6 ಫಲಕ ಎಂದರೆ 3.24 ಕಿಲೋವ್ಯಾಟ್. ‘3 ಕಿಲೋವ್ಯಾಟ್ ಸೆಟ್’ ಎಂದಷ್ಟೇ ಬರೆದದ್ದನ್ನು ಮರಳಿಸಿ. ಚೌಕಟ್ಟು ಹಾಟ್ ಡಿಪ್ ಗ್ಯಾಲ್ವನೈಸ್ ಆಗಿ ಕನಿಷ್ಠ 80 ಮೈಕ್ರಾನ್ ಇರಲಿ. ಕರಾವಳಿಯ ಉಪ್ಪು ಗಾಳಿಗೆ ಬಣ್ಣ ಬಳಿದ ಕಬ್ಬಿಣ ನಿಲ್ಲುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಉಪಕರಣಗಳ ಜಿಎಸ್‌ಟಿ 12%ರಿಂದ 5%ಗೆ ಇಳಿದಿದೆ, ಹಳೆಯ ದರ ಹಾಕಿದ್ದರೆ ಕೇಳಿ.

‘ಸಹಾಯಧನ ಕಳೆದು ನಮಗೆ ಇಷ್ಟು ಕೊಡಿ ಸಾಕು’ ಎನ್ನುವವರ ಬಗ್ಗೆ ಎಚ್ಚರ. ಸಹಾಯಧನ ಬರುವುದು ನಿಮ್ಮ ಖಾತೆಗೆ, ಅವರದ್ದಕ್ಕಲ್ಲ. ‘ಶೂನ್ಯ ವೆಚ್ಚ’ ಎನ್ನುವ ಕೊಡುಗೆಯಲ್ಲಿ ಬೆಲೆಯನ್ನೇ ಏರಿಸಿ ಸಾಲ ದೊಡ್ಡದು ಮಾಡಿರುತ್ತಾರೆ. ಕಂತಿನ ಮೊತ್ತ ನೋಡಬೇಡಿ, ಕಿಲೋವ್ಯಾಟ್‌ಗೆ ಎಷ್ಟು ಬಿದ್ದಿತೆಂದು ನೋಡಿ.

ಸಾಲಕ್ಕೆ ಸರ್ಕಾರಿ ಸಾಲ ಯೋಜನೆಗಳ ಜನ ಸಮರ್ಥ್ ಪೋರ್ಟಲ್ ಮೂಲಕ ಅರ್ಜಿ. ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ 3 ಕಿಲೋವ್ಯಾಟ್‌ವರೆಗೆ 2 ಲಕ್ಷ ರೂಪಾಯಿಯ ತನಕ ಆಸ್ತಿ ಅಡಮಾನವಿಲ್ಲದ ಸಾಲವಿದೆ. ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೋ ದರಕ್ಕೆ ತಳುಕು ಹಾಕಿಕೊಂಡು 6%ರ ಆಸುಪಾಸಿನಲ್ಲಿ ಏರಿಳಿಯುತ್ತದೆ. ಮಂಜೂರಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ: ಕಂತು ಯಾವ ತಿಂಗಳಿಂದ? ಸಹಾಯಧನ ಸಾಲದ ಖಾತೆಗೆ ಜಮೆಯಾದಾಗ ಕಂತು ಇಳಿಯುತ್ತದೆಯೋ, ಅವಧಿ ಇಳಿಯುತ್ತದೆಯೋ? ಮಾರಾಟಗಾರರಿಗೆ ಹಣ ಎಷ್ಟು ಹಂತದಲ್ಲಿ ಹೋಗುತ್ತದೆ? ಜೊತೆಗೆ ವಿಮೆ ಸೇರಿಸಿದ್ದಾರೆಯೇ? ಘಟಕಕ್ಕೆ ಬೆಂಕಿ, ಸಿಡಿಲು, ಬಿರುಗಾಳಿಯ ವಿಮೆ ಬೇಕು. ನಿಮ್ಮ ತಲೆಗೆ ಕಟ್ಟುವ ಜೀವವಿಮೆ ಕಡ್ಡಾಯವಲ್ಲ.

ಸಹಾಯಧನ ಉಳಿತಾಯ ಖಾತೆಗೆ ಬಂದರೆ ಅದೇ ವಾರ ಸಾಲದ ಖಾತೆಗೆ ಕಟ್ಟಿಬಿಡಿ. ಮದುವೆ, ಶಾಲೆಯ ಶುಲ್ಕ ಎಂದು ಅದು ಖರ್ಚಾದ ಮನೆಗಳಲ್ಲಿ 7 ವರ್ಷದ ಲೆಕ್ಕ ಕುಸಿಯುವುದು ಅಲ್ಲಿಂದಲೇ. 1,71,000ಕ್ಕೆ 10 ವರ್ಷ ಹಿಡಿದರೂ ಕಂತು 1,898 ರೂ, 80%ರ ಗೆರೆಯ ಆಚೆ.

ಅಳವಡಿಸುವ ದಿನ ತಾರಸಿಯಲ್ಲಿ ನಿಂತು ನೋಡಬೇಕಾದದ್ದು: ಫಲಕಗಳು ದಕ್ಷಿಣಕ್ಕೆ ಮುಖ ಮಾಡಿ ಸುಮಾರು 13ರಿಂದ 15 ಡಿಗ್ರಿ ಓರೆಯಾಗಿರಬೇಕು. ಬೆಳಗ್ಗೆ 9ರಿಂದ ಸಂಜೆ 4ರವರೆಗೆ ತೆಂಗಿನ ಗರಿಯ, ನೀರಿನ ಟ್ಯಾಂಕಿನ, ಪಕ್ಕದ ಮನೆಯ ನೆರಳು ಯಾವ ಫಲಕದ ಮೇಲೂ ಬೀಳಬಾರದು. ಸರಣಿಯಲ್ಲಿ ಜೋಡಿಸಿದ್ದರಿಂದ ಒಂದರ ಮೇಲಿನ ನೆರಳು ಉಳಿದವುಗಳನ್ನೂ ಎಳೆಯುತ್ತದೆ. ಮಿಂಚುರಕ್ಷಕಕ್ಕೆ, ಚೌಕಟ್ಟು ಮತ್ತು ಡಿಸಿ ಭಾಗಕ್ಕೆ, ಎಸಿ ಭಾಗಕ್ಕೆ ಮೂರು ಪ್ರತ್ಯೇಕ ಅರ್ಥಿಂಗ್ ಗುಂಡಿ ಇರಬೇಕು. ಕೆಲಸಗಾರರು ಒಂದೇ ಗುಂಡಿಗೆ ಮೂರನ್ನೂ ಕಟ್ಟಿ ಮುಗಿಸುವುದುಂಟು, ಸಿಡಿಲು ಹೊಡೆದಾಗ ಇನ್ವರ್ಟರ್ ಸುಡುವುದು ಇದರಿಂದಲೇ. ಡಿಸಿ ಮತ್ತು ಎಸಿ ಪೆಟ್ಟಿಗೆಗಳಲ್ಲಿ ಸರ್ಜ್ ರಕ್ಷಕ ಇದೆಯೇ ತೆಗೆದು ತೋರಿಸಲು ಹೇಳಿ. ಚೌಕಟ್ಟಿನ ಬೋಲ್ಟಿಗೆ ತಾರಸಿ ಕೊರೆದಿದ್ದರೆ ನೀರು ಇಳಿಯದಂತೆ ಅಂದೇ ಮುಚ್ಚಿಸಿ. ಫಲಕಗಳ ಕ್ರಮಸಂಖ್ಯೆ ಡಿಸಿಆರ್ ಪ್ರಮಾಣಪತ್ರದ ಸಂಖ್ಯೆಗೆ ಹೊಂದಬೇಕು. ಮೇಲೆ ಏರಿಸುವ ಮುನ್ನವೇ ಫೋಟೊ ತೆಗೆದಿಡಿ.

ಕರೆಂಟ್ ಹೋದಾಗ ಈ ಘಟಕವೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಯಲಿ ಎಂದು ಗ್ರಿಡ್ ಇನ್ವರ್ಟರ್ ತಾನಾಗಿ ಬಂದ್ ಆಗುತ್ತದೆ. ಹಾಗಾಗಿ ಮನೆಯ ಯುಪಿಎಸ್ ಮಾರಬೇಡಿ.

ನಂತರ ಎಸ್ಕಾಂ ಪರಿಶೀಲನೆ, ಎರಡೂ ದಿಕ್ಕಿನ ಲೆಕ್ಕ ಇಡುವ ಮೀಟರ್, ಚಾಲನೆ, ಪೋರ್ಟಲ್‌ನಲ್ಲಿ ಸಹಾಯಧನಕ್ಕೆ ಕೋರಿಕೆ. ಮಾರಾಟಗಾರರಿಗೆ ಕೊನೆಯ 10% ಹಣವನ್ನು ಮೀಟರ್ ಚಾಲೂ ಆಗುವವರೆಗೆ ಹಿಡಿದಿಡುವುದೆಂದು ಒಪ್ಪಂದದಲ್ಲೇ ಬರೆಸಿ. ಯೋಜನೆಯಡಿ 5 ವರ್ಷದ ನಿರ್ವಹಣೆ ಅವರ ಹೊಣೆ.

ಸಾಲ ಬೇಡವೆನ್ನುವವರಿಗೆ, ಫ್ಲ್ಯಾಟ್‌ನವರಿಗೆ

ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಇನ್ನೆರಡು ದಾರಿಗಳಿವೆ. ಒಂದರಲ್ಲಿ ಖಾಸಗಿ ಕಂಪನಿ, ಇನ್ನೊಂದರಲ್ಲಿ ಎಸ್ಕಾಂ ತನ್ನ ಹಣದಿಂದ ನಿಮ್ಮ ತಾರಸಿಯ ಮೇಲೆ ಘಟಕ ಹಾಕಿ ಕನಿಷ್ಠ 5 ವರ್ಷ ಒಡೆತನ ಇಟ್ಟುಕೊಳ್ಳುತ್ತದೆ. ನೀವು ಬಳಸಿದ ಯೂನಿಟ್ಟಿಗೆ ಮಾತ್ರ ಹಣ. ಬಿಲ್ಲಿನ ಮೂಲಕ ಕಂತು ಎಂಬುದಕ್ಕೆ ಇದು ಅತಿ ಹತ್ತಿರದ್ದು. ಒಪ್ಪಂದದಲ್ಲಿ ಯೂನಿಟ್ ದರ ವರ್ಷವರ್ಷ ಏರುತ್ತದೆಯೇ, ತಾರಸಿ ದುರಸ್ತಿಗೆ ಫಲಕ ಇಳಿಸಿದರೆ ಖರ್ಚು ಯಾರದ್ದು, ಮನೆ ಮಾರಿದರೆ ಏನು, ಅವಧಿ ಮುಗಿದ ಮೇಲೆ ಘಟಕ ಯಾರದ್ದು ಎಂಬುದನ್ನು ಓದಿ. ಅಪಾರ್ಟ್‌ಮೆಂಟ್ ಸಂಘಗಳು ಲಿಫ್ಟ್, ಪಂಪ್, ವಾಹನ ಚಾರ್ಜಿಂಗ್‌ನಂಥ ಸಾಮಾನ್ಯ ಬಳಕೆಗೆ ಹಾಕಿಸಿದರೆ ಕಿಲೋವ್ಯಾಟ್‌ಗೆ 18,000 ರೂ ಸಹಾಯಧನವಿದೆ, 500 ಕಿಲೋವ್ಯಾಟ್‌ವರೆಗೆ. ಬಾಡಿಗೆ ಮನೆಯವರು ಬಿಚ್ಚಿ ಒಯ್ಯಬಹುದಾದ ಫ್ಯಾನ್, ಫ್ರಿಜ್‌ಗೆ ಮಾತ್ರ ಹಣ ಹಾಕುವುದು ಸರಿ.

ಹಂತ 6: ಮೊದಲ ವರ್ಷದ ಕಾವಲು

ಮೊದಲ ಎರಡು ಬಿಲ್ ಬಂದಾಗ ಮೀಟರ್ ಮುಂದೆ ನಿಂತು ಗ್ರಿಡ್‌ನಿಂದ ಬಂದ ಯೂನಿಟ್, ಗ್ರಿಡ್‌ಗೆ ಹೋದ ಯೂನಿಟ್ ಎರಡನ್ನೂ ಬಿಲ್ಲಿಗೆ ಹೋಲಿಸಿ. ಎರಡು ಅಂಕಿ ಅದಲುಬದಲಾಗುವುದು, ಬಿಲ್ಲಿಂಗ್‌ನಲ್ಲಿ ನೆಟ್ ಮೀಟರ್ ಎಂದು ದಾಖಲಾಗದೆ ಹೊರಗೆ ಹೋದದ್ದು ಲೆಕ್ಕಕ್ಕೇ ಬರದಿರುವುದು ಸಾಮಾನ್ಯ. ಮೀಟರ್ ಫೋಟೊದೊಂದಿಗೆ ಉಪವಿಭಾಗಕ್ಕೆ ಲಿಖಿತ ದೂರು ಕೊಡಿ, 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಗೃಹಜ್ಯೋತಿಯಲ್ಲಿದ್ದು ಸೋಲಾರ್ ಹಾಕಿಸುವವರು ತಮ್ಮ ಅರ್ಹ ಯೂನಿಟ್ಟಿಗೆ ಇದರಿಂದ ಏನಾಗುತ್ತದೆಂದು ಅದೇ ಕಚೇರಿಯಿಂದ ಅಳವಡಿಕೆಗೆ ಮುನ್ನವೇ ಬರವಣಿಗೆಯಲ್ಲಿ ಪಡೆದಿರಬೇಕು.

ಇನ್ವರ್ಟರ್ ಆ್ಯಪ್‌ನಲ್ಲಿ ದಿನದ ಉತ್ಪಾದನೆ ಕಾಣುತ್ತದೆ. ಬಿಸಿಲಿನ ದಿನ 3 ಕಿಲೋವ್ಯಾಟ್ ಘಟಕ 10 ಯೂನಿಟ್ಟಿಗಿಂತ ಕೆಳಗೆ ನಿಂತರೆ ಮೊದಲು ಧೂಳು ನೋಡಿ, ಆಮೇಲೆ ಹೊಸದಾಗಿ ಬೆಳೆದ ಕೊಂಬೆಯ ನೆರಳು, ಆಮೇಲೆ ಸಡಿಲವಾದ ಡಿಸಿ ಕನೆಕ್ಟರ್. ಕನೆಕ್ಟರನ್ನು ನೀವು ಮುಟ್ಟಬೇಡಿ, ಬಿಸಿಲಿದ್ದಾಗ ಡಿಸಿ ತಂತಿಯಲ್ಲಿ ನೂರಾರು ವೋಲ್ಟ್ ಇರುತ್ತದೆ. ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ಬೆಳಗಿನ ಜಾವ ಫಲಕ ತಣ್ಣಗಿರುವಾಗ ತೊಳೆಯಿರಿ. ಗಡಸು ನೀರಾದರೆ ಒಣಗುವ ಮುನ್ನ ಒರೆಸಿ, ಬಿಳಿ ಕಲೆ ಕೂತರೆ ಧೂಳಿಗಿಂತ ಅದೇ ಹೆಚ್ಚು ಬೆಳಕು ತಡೆಯುತ್ತದೆ.

ಮಳೆಗಾಲದಲ್ಲಿ ಉಳಿತಾಯ ಇಳಿಯುತ್ತದೆ, ಕಂತು ಇಳಿಯುವುದಿಲ್ಲ. ಫೆಬ್ರುವರಿಯಿಂದ ಮೇವರೆಗಿನ ಹೆಚ್ಚುವರಿ ಉಳಿತಾಯವನ್ನು ಕಂತು ಕಡಿತವಾಗುವ ಖಾತೆಯಲ್ಲೇ ಬಿಡಿ. ಎರಡು ಕಂತಿನಷ್ಟು ಹಣ ಅಲ್ಲಿ ಸದಾ ಇದ್ದರೆ ಜುಲೈನಲ್ಲಿ ಕಂತು ಮರಳಿ ದಂಡ ಬೀಳುವುದಿಲ್ಲ.